ಈ ಹೆಲಿಕಾಪ್ಟರ್ ಹಸಿರೋ, ಕಂದೋ? ಫೋಟೋ ನೋಡಿ ಬಣ್ಣ ಹೇಳಬಹುದೇ?

ಕಳೆದ ವರ್ಷ ಹ್ಯೂಯಿ ಹೆಲಿಕಾಪ್ಟರಿನ ಪ್ಲಾಸ್ಟಿಕ್ ಮಾಡೆಲ್ ಒಂದನ್ನು ಜೋಡಿಸಿದೆ. ವಿಯೆಟ್ನಾಂ ಯುದ್ಧದ ಸಿನಿಮಾಗಳಲ್ಲಿ ನೀವು ನೋಡಿರುವ ಅಮೆರಿಕ ಸೇನೆಯ ಹೆಲಿಕಾಪ್ಟರ್ ಅದು. 1:48 ಅಳತೆಯ ಮಾಡೆಲ್, ಅಂದರೆ ನಿಜವಾದದ್ದರ 48ನೇ ಒಂದು ಭಾಗ. ಒಂದು ಗೇಣಿಗಿಂತ ತುಸು ಉದ್ದ. ಯಾವ ಬಣ್ಣ ಹಚ್ಚಬೇಕೆಂದು ತಿಳಿಯಲು ವಾಟ್ಸಾಪ್‌ನಲ್ಲಿ ಬಂದಿದ್ದ ಹಳೆಯ ಫೋಟೋವನ್ನು ಕಲರ್ ಪಿಕರ್ ಆ್ಯಪ್‌ಗೆ ಹಾಕಿ, ಅದು ತೋರಿಸಿದ ಬಣ್ಣವನ್ನೇ ಕಲಸಿದೆ. ಮೂರು ರಾತ್ರಿಯ ಕೆಲಸ. ಬೆಳಗ್ಗೆ ಕಿಟಕಿಯ ಬಳಿ ಇಟ್ಟು ನೋಡಿದರೆ ಹೆಲಿಕಾಪ್ಟರ್ ಚಾಕೊಲೇಟಿನಂತಿತ್ತು!

ಮನೆಯವರ ಗ್ರೂಪಿಗೆ ಫೋಟೋ ಹಾಕಿದೆ. "ಇದ್ಯಾಕೋ ಮಣ್ಣು ಮೆತ್ತಿದ ಹಾಗಿದೆ" ಎಂದ ಅಣ್ಣ. "ಹಸಿರು ಬಣ್ಣ ಚೆನ್ನಾಗಿದೆ ಕಣೋ" ಎಂದರು ಚಿಕ್ಕಮ್ಮ. ಫೋಟೋ ಒಂದೇ, ಕಂಡ ಬಣ್ಣ ಎರಡು.

ಹಾಗಾದರೆ "ಫೋಟೋದಲ್ಲಿ ಕಾಣುವುದೇ ನಿಜವಾದ ಬಣ್ಣ" ಎಂಬ ನಮ್ಮ ನಂಬಿಕೆ ಸರಿಯೇ? ಅಲ್ಲ. ಯಾಕೆ ಅಂತ ನೋಡೋಣ.

ಬಣ್ಣಕ್ಕೊಂದು ನಂಬರ್

ಹ್ಯೂಯಿಗೆ ಹಚ್ಚುತ್ತಿದ್ದ ಬಣ್ಣದ ಹೆಸರು ಆಲಿವ್ ಡ್ರ್ಯಾಬ್. ಹೆಸರು ಹೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ನೆನಪಾಗುತ್ತದೆ. ಅದಕ್ಕೇ ಅಮೆರಿಕ ಸರ್ಕಾರ 1956ರಲ್ಲಿ ಫೆಡರಲ್ ಸ್ಟ್ಯಾಂಡರ್ಡ್ 595 ಎಂಬ ಬಣ್ಣಗಳ ಪಟ್ಟಿಯನ್ನು ತಂದಿತು. ಪ್ರತಿ ಬಣ್ಣಕ್ಕೂ ಐದು ಅಂಕಿಯ ನಂಬರ್, ಜೊತೆಗೆ ಹೋಲಿಸಿ ನೋಡಲು ಬಣ್ಣ ಬಳಿದ ಒಂದು ಚೂರು.

ಆಲಿವ್ ಡ್ರ್ಯಾಬಿನ ನಂಬರ್ 34087. ಮೊದಲ ಅಂಕಿ ಹೊಳಪನ್ನು ಹೇಳುತ್ತದೆ: 1 ಅಂದರೆ ಹೊಳಪು, 2 ಅರೆಹೊಳಪು, 3 ಹೊಳಪಿಲ್ಲದ ಮ್ಯಾಟ್. ಎರಡನೆಯದು ಬಣ್ಣದ ಗುಂಪು: 1 ಕೆಂಪು, 3 ಹಳದಿ, 4 ಹಸಿರು, 5 ನೀಲಿ, ಹೀಗೆ. ಅಂದರೆ ಲೆಕ್ಕದ ಪ್ರಕಾರ ಇದು ಮ್ಯಾಟ್ ಹಸಿರು.

ಹಸಿರಾದರೆ ಕಂದಾಗಿ ಕಾಣುವುದೇಕೆ?

ಸ್ವಲ್ಪ ಹಳದಿ ಪೇಂಟಿಗೆ ಚೂರು ಕಪ್ಪು ಸೇರಿಸಿ ಕಲಸಿ ನೋಡಿ. ಹಸಿರು ಒಂದು ಹನಿಯೂ ಇಲ್ಲದೆ ಹಸಿರು ಛಾಯೆ ಬರುತ್ತದೆ! ಆಲಿವ್ ಬಣ್ಣ ಅಂದರೆ ಹೆಚ್ಚುಕಡಿಮೆ ಕತ್ತಲಾದ ಹಳದಿ. ಕಂದು ಅಂದರೆ ಕತ್ತಲಾದ ಕಿತ್ತಳೆ. ಹಳದಿ, ಕಿತ್ತಳೆ ಅಕ್ಕಪಕ್ಕದ ಬಣ್ಣಗಳು. ಹಾಗಾಗಿ ಆಲಿವ್ ಡ್ರ್ಯಾಬ್ ಗಡಿಯಲ್ಲಿ ಕೂತಿದೆ. ಸ್ವಲ್ಪ ತಳ್ಳಿದರೂ ಆಚೆಗೋ ಈಚೆಗೋ ಬೀಳುತ್ತದೆ.

ತಳ್ಳುವುದು ಯಾವುದು? ಒಂದು, ಸುತ್ತಲಿನ ಬಣ್ಣ. ಕೆಂಪು ಮಣ್ಣಿನ ಮೇಲೆ ನಿಂತ ಹೆಲಿಕಾಪ್ಟರ್ ಹಸಿರಾಗಿ ಕಾಣುತ್ತದೆ, ಅದೇ ಹೆಲಿಕಾಪ್ಟರ್ ಗದ್ದೆಯ ಪಕ್ಕದಲ್ಲಿ ಕಂದಾಗಿ ಕಾಣುತ್ತದೆ. ಇನ್ನೊಂದು, ಬೆಳಕಿನ ಬಗ್ಗೆ ನಮ್ಮ ಮಿದುಳಿನ ಊಹೆ. 2015ರಲ್ಲಿ ಒಂದು ಡ್ರೆಸ್ಸಿನ ಫೋಟೋ ಜಗತ್ತಿನಾದ್ಯಂತ ಫಾರ್ವರ್ಡ್ ಆಗಿತ್ತು, ನೆನಪಿದೆಯೇ? ಕೆಲವರಿಗೆ ಬಿಳಿ-ಚಿನ್ನದ ಬಣ್ಣ, ಕೆಲವರಿಗೆ ನೀಲಿ-ಕಪ್ಪು. ನಿಜವಾದ ಡ್ರೆಸ್ ನೀಲಿ-ಕಪ್ಪು. ಫೋಟೋದಲ್ಲಿ ಬೆಳಕು ಎಂಥದ್ದು ಎಂದು ಪ್ರತಿಯೊಬ್ಬರ ಮಿದುಳೂ ಬೇರೆಬೇರೆ ಊಹಿಸಿತ್ತು.

ಫೋಟೋ ಎಲ್ಲಿ ದಾರಿ ತಪ್ಪಿಸುತ್ತದೆ?

ಕ್ಯಾಮೆರಾ ಕೂಡ ಊಹಿಸುತ್ತದೆ. ಸಂಜೆಯ ಬಿಸಿಲು ಕೆಂಪಗಿರುತ್ತದೆ, ನೆರಳಿನ ಬೆಳಕು ನೀಲಿ ಕಡೆಗಿರುತ್ತದೆ. ಅದನ್ನು ಫೋನ್ ತನಗೆ ತೋಚಿದಂತೆ ಸರಿಮಾಡಿಕೊಳ್ಳುತ್ತದೆ. ಯಲಹಂಕದ ಏರ್ ಶೋದಲ್ಲಿ ಒಂದೇ ಹೆಲಿಕಾಪ್ಟರನ್ನು ಎರಡು ಕಂಪನಿಯ ಫೋನುಗಳಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ. ಅದರ ಮೇಲೆ ಫಾರ್ವರ್ಡ್ ಮಾಡಿದಾಗ ಫೋಟೋ ಕುಗ್ಗುತ್ತದೆ, ಬಣ್ಣದ ಸೂಕ್ಷ್ಮ ವಿವರಗಳೇ ಮೊದಲು ಹೋಗುತ್ತವೆ.

ಹಳೆಯ ಫೋಟೋಗಳ ಕಥೆ ಇನ್ನೂ ಬೇರೆ. ಮನೆಯಲ್ಲಿರುವ 1970ರ ದಶಕದ ಬಣ್ಣದ ಫೋಟೋ ತೆಗೆದು ನೋಡಿ, ಎಲ್ಲವೂ ಕೆಂಪಗಾಗಿರುತ್ತದೆ. ಆ ಕಾಲದ ಹಲವು ಪ್ರಿಂಟ್, ಸ್ಲೈಡುಗಳಲ್ಲಿ ನೀಲಿ-ಹಸಿರು ವರ್ಣಕ ಬೇಗ ಮಾಸಿ, ಕೆಂಪು ಉಳಿಯಿತು. ನನ್ನ ಆ್ಯಪ್ ಸುಳ್ಳು ಹೇಳಿರಲಿಲ್ಲ. ಹೆಲಿಕಾಪ್ಟರಿನ ಬಣ್ಣದ ಬದಲು ಮಾಸಿದ ಫೋಟೋದ ಬಣ್ಣವನ್ನು ನಿಖರವಾಗಿ ಅಳೆದು ಕೊಟ್ಟಿತ್ತು, ಅಷ್ಟೇ.

ಹೆಲಿಕಾಪ್ಟರೂ ಬದಲಾಗುತ್ತದೆ

ಫೋಟೋ ಸರಿಯಿದ್ದರೂ ಯಂತ್ರದ ಬಣ್ಣ ಒಂದೇ ರೀತಿ ಉಳಿಯುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಪೇಂಟಿನ ಅಂಟನ್ನು ಒಡೆಯುತ್ತವೆ, ಮೇಲೆ ಬಿಳಿ ಪುಡಿ ಏಳುತ್ತದೆ. ಹಳೆಯ ಗೇಟನ್ನು ಸವರಿದರೆ ಕೈಗೆ ಮೆತ್ತುತ್ತದಲ್ಲ, ಅದೇ.

ಕೆಲವೊಮ್ಮೆ ಪೇಂಟನ್ನೇ ಬದಲಿಸಬೇಕಾಗುತ್ತದೆ. 1972ರಲ್ಲಿ ವಿಯೆಟ್ನಾಮಿನಲ್ಲಿ ಶಾಖವನ್ನು ಹಿಂಬಾಲಿಸಿ ಬರುವ, ಹೆಗಲ ಮೇಲಿಟ್ಟು ಹಾರಿಸುವ ಎಸ್‌ಎ-7 ಕ್ಷಿಪಣಿಗಳು ಕಾಣಿಸಿಕೊಂಡವು. ಆಮೇಲೆ ಅಮೆರಿಕ ಸೇನೆ ಅವಕೆಂಪು ಕಿರಣಗಳನ್ನು ಕಡಿಮೆ ಪ್ರತಿಫಲಿಸುವ ಮಂಕು ಪೇಂಟ್ ಹಚ್ಚತೊಡಗಿತು. ಒಳಗಿದ್ದವರ ಜೀವ ಆ ಪೇಂಟನ್ನೂ ನಂಬಿಕೊಂಡಿತ್ತು. ಆದ್ದರಿಂದ "ಹ್ಯೂಯಿ ಯಾವ ಬಣ್ಣ?" ಎಂದು ಕೇಳುವ ಮೊದಲು "ಯಾವ ವರ್ಷದ ಹ್ಯೂಯಿ?" ಎಂದು ಕೇಳಬೇಕು.

ಸಣ್ಣ ಮಾಡೆಲ್‌ಗೆ ತಿಳಿ ಬಣ್ಣ ಬೇಕೇ?

ಮಾಡೆಲ್ ಮಾಡುವವರಲ್ಲಿ ಒಂದು ಮಾತಿದೆ: ದೂರದ ವಸ್ತು ಗಾಳಿಯಿಂದಾಗಿ ಮಸುಕಾಗಿ ಕಾಣುತ್ತದೆ, ಆದ್ದರಿಂದ ಮಾಡೆಲ್‌ಗೆ ಬಿಳಿ ಬೆರೆಸಬೇಕು. ಲೆಕ್ಕ ಹಾಕೋಣ. 1:48ರ ಮಾಡೆಲನ್ನು 30 ಸೆಂಟಿಮೀಟರ್ ದೂರದಿಂದ ನೋಡಿದರೆ, ನಿಜವಾದ ಹೆಲಿಕಾಪ್ಟರನ್ನು ಸುಮಾರು 14 ಮೀಟರ್ ದೂರದಿಂದ ನೋಡಿದಂತೆ. ಮಂಜಿಲ್ಲದ ದಿನ ಎದುರು ಮನೆಯ ಗೋಡೆ ಗಾಳಿಯಿಂದಾಗಿ ಮಸುಕಾಗುತ್ತದೆಯೇ? ಇಲ್ಲ.

ಆದರೂ ಮಾಡೆಲ್ ಕಪ್ಪಾಗಿ ಕಾಣುವುದು ನಿಜ. ಕಾರಣ ಮನೆಯೊಳಗಿನ ಬೆಳಕು. ನಡು ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್, ನಮ್ಮ ಕೋಣೆಯದು ಕೆಲವು ನೂರು ಲಕ್ಸ್. ಮಂದ ಬೆಳಕಿನಲ್ಲಿ ಬಣ್ಣ ಕಳೆಗುಂದುತ್ತದೆ. ಹಾಗಾಗಿ ಸ್ವಲ್ಪ ತಿಳಿ ಮಾಡುವುದು ತಪ್ಪಲ್ಲ. ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು.

ಹಾಗಾದರೆ ಹೇಗೆ ಆರಿಸುವುದು?

- ಒಂದು ಯಂತ್ರ, ಒಂದು ವರ್ಷ ಆರಿಸಿಕೊಳ್ಳಿ. ನಂತರ ನಂಬರ್ ಹುಡುಕಿ.
- ಡಬ್ಬಿಯ ಮೇಲೆ ಒಂದೇ ನಂಬರ್ ಇದ್ದರೂ ಎರಡು ಕಂಪನಿಯ ಬಣ್ಣ ಒಂದೇ ಆಗಿರಬೇಕಿಲ್ಲ. ಮೊದಲು ಪ್ಲಾಸ್ಟಿಕ್ ಚಮಚಕ್ಕೆ ಹಚ್ಚಿ, ಪೂರ್ತಿ ಒಣಗಲು ಬಿಡಿ.
- ಅಮ್ಮ ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವಾಗ ಅಂಗಡಿಯ ಬಾಗಿಲಿಗೆ ತಂದು ನೋಡುತ್ತಾರಲ್ಲ, ಹಾಗೇ ನೋಡಿ. ಟ್ಯೂಬ್‌ಲೈಟಿನಲ್ಲಿ ಹೊಂದಿದ ಎರಡು ಬಣ್ಣ ಬಿಸಿಲಲ್ಲಿ ಬೇರೆಯಾಗಬಹುದು. ಮಾಡೆಲ್ ಇಡುವ ಜಾಗದ ಬೆಳಕಿನಲ್ಲೂ ನೋಡಿ.
- ಫೋಟೋದಿಂದ ಬಣ್ಣ ಎತ್ತಬೇಡಿ. ಎಲ್ಲಿ ಮಾಸಿದೆ, ಎಲ್ಲಿ ಮಸಿ ಹಿಡಿದಿದೆ ಎಂದು ತಿಳಿಯಲು ಫೋಟೋ ಸಾಕು.

ನನ್ನ ಚಾಕೊಲೇಟ್ ಹ್ಯೂಯಿಗೆ ಮತ್ತೆ ಬಣ್ಣ ಹಚ್ಚಿದ್ದೇನೆ. ಅಣ್ಣನಿಗೆ ಈಗಲೂ ಅದು ಕಂದೇ! ಮುಂದಿನ ಸಲ ನಿಮ್ಮ ಗ್ರೂಪಿನಲ್ಲಿ "ಎರಡು ಫೋಟೋದಲ್ಲಿ ಬಣ್ಣ ಬೇರೆ ಇದೆ, ಹಾಗಾಗಿ ಇದು ಫೇಕ್" ಎಂಬ ಫಾರ್ವರ್ಡ್ ಬಂದರೆ, ಮುಂದೆ ಕಳಿಸುವ ಮೊದಲು ಕೇಳಿ: ಯಾವ ಬೆಳಕು, ಯಾವ ಕ್ಯಾಮೆರಾ, ಎಷ್ಟು ಹಳೆಯದು? ಫೋಟೋ ಫೇಕ್ ಇರಲೂಬಹುದು. ಆದರೆ ಬಣ್ಣ ಬೇರೆ ಎಂಬುದೊಂದೇ ಅದಕ್ಕೆ ಸಾಕ್ಷಿಯಲ್ಲ.