ಅತ್ತೆಯ ಲೆಕ್ಕ: ಅವಲಂಬಿತರು ಮತ್ತು ಆದಾಯ ತೆರಿಗೆ

ಬೋಧನಾಭ್ಯಾಸದಲ್ಲಿ ನನ್ನ ಏಳನೆಯ ಪಾಠ, ಒಂಬತ್ತನೇ ತರಗತಿಗೆ ‘ನೇರ ತೆರಿಗೆ’. ಮೌಲ್ಯಮಾಪನದ ಪ್ರಶ್ನೆಗಳಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ಮತ್ತೆಗೆ ನಡೆಯೋಕಾಗಲ್ಲ. ಅಪ್ಪನೇ ನೋಡ್ಕೊಳ್ಳೋದು. ಅಪ್ಪನಿಗೆ ತೆರಿಗೆ ಕಮ್ಮಿ ಆಗುತ್ತಾ?” ಎಂದಳು. “ಹೌದು, ಮನೆಯಲ್ಲಿ ಅವಲಂಬಿತರು ಹೆಚ್ಚಿದ್ದಷ್ಟೂ ತೆರಿಗೆ ಕಡಿಮೆ” ಎಂದುಬಿಟ್ಟೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: “ಯಾವ ನಿಯಮದ ಪ್ರಕಾರ?”

ನನಗೆ ಗೊತ್ತಿರಲಿಲ್ಲ. ಮರುದಿನ ಆ ಹುಡುಗಿ, ಅಪ್ಪ ಸರ್ಟಿಫಿಕೇಟಿಗೆಂದು ರಜೆ ಹಾಕುತ್ತಿದ್ದಾರೆ ಎಂದಾಗ ಎದೆ ಧಸಕ್ಕೆಂದಿತು.

ನಮ್ಮ ದೇಶದಲ್ಲಿ ಮನೆಯಲ್ಲಿ ಉಣ್ಣುವ ತಲೆಗಳನ್ನು ಎಣಿಸಿ ತೆರಿಗೆ ಇಳಿಸುವ ನಿಯಮವಿಲ್ಲ. ಇರುವುದು ನಿರ್ದಿಷ್ಟ ಕಾರಣದ ಕಡಿತಗಳು. ತಂದೆತಾಯಿಯ ಆರೋಗ್ಯ ವಿಮೆಗೆ 2024-25ರಲ್ಲಿ ಕಲಂ 80ಡಿ ಇತ್ತು. ಅಲ್ಲಿ ಅವರು ಅವಲಂಬಿತರಾಗಿರಲೇಬೇಕೆಂದಿಲ್ಲ. ಆದರೆ ಅತ್ತೆಮಾವನ ಹೆಸರಿನ ವಿಮೆ ಆ ಲೆಕ್ಕಕ್ಕೆ ಬರುವುದಿಲ್ಲ. (ಇದನ್ನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು.)

ಹುಡುಗಿಯ ಪ್ರಶ್ನೆಗೆ ಸೇರಿದ್ದು ಆ ವರ್ಷದ ಕಲಂ 80ಡಿಡಿ. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಇದರಲ್ಲಿ ಅವಲಂಬಿತರು. ಅಪ್ಪನ ತಂಗಿ ಒಡಹುಟ್ಟಿದವಳಾದ್ದರಿಂದ ಅಪ್ಪ ಕೇಳಬಹುದು. ಆಕೆಯ ಜೀವನ ಪೂರ್ತಿಯಾಗಿ ಅಥವಾ ಮುಖ್ಯವಾಗಿ ಅವರನ್ನೇ ನೆಚ್ಚಿರಬೇಕು, ಅಂಗವೈಕಲ್ಯ ಕನಿಷ್ಠ ಶೇಕಡಾ 40 ಇದೆಯೆಂಬ ವೈದ್ಯಕೀಯ ಪ್ರಮಾಣಪತ್ರ ಬೇಕು, ಆಕೆ ತನ್ನ ಹೆಸರಿನಲ್ಲಿ ಅಂಗವೈಕಲ್ಯದ ಕಡಿತ ಪಡೆದಿರಬಾರದು. ಚಿಕಿತ್ಸೆಗೋ ಆರೈಕೆಗೋ ಖರ್ಚು ಮಾಡಿರಬೇಕು. ಎಷ್ಟೇ ಖರ್ಚಾಗಿರಲಿ, ಕಡಿತ ಮಾತ್ರ 75,000 ರೂಪಾಯಿ. ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000.

ಕಡಿತವೆಂದರೆ ಅಷ್ಟು ತೆರಿಗೆ ಉಳಿಯಿತೆಂದಲ್ಲ, ಅಷ್ಟು ಆದಾಯ ಲೆಕ್ಕದಿಂದ ಹೊರಗೆ. ನಾನೂ ಇದನ್ನು ಬೆರೆಸಿಕೊಂಡಿದ್ದೆ. ಇನ್ನೊಂದು ತೊಡಕೆಂದರೆ ಈ ಕಡಿತಗಳು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತವೆ.

ಮುಂದಿನ ತರಗತಿಯಲ್ಲಿ ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಹುಡುಗಿಯ ಮನೆಯ ವಿಷಯ ಬಿಟ್ಟು, ವರ್ಷಕ್ಕೆ 8,75,000 ಸಂಬಳದ ಒಬ್ಬ ಕಾಲ್ಪನಿಕ ಅಣ್ಣನನ್ನು ಕಪ್ಪುಹಲಗೆಗೆ ತಂದೆ. 2024-25ರ ದರಗಳಲ್ಲಿ, ವೃತ್ತಿ ತೆರಿಗೆ ಬದಿಗಿಟ್ಟು, ಮಕ್ಕಳೇ ಲೆಕ್ಕ ಹಾಕಿದರು. ಹಳೆಯ ಪದ್ಧತಿಯಲ್ಲಿ 50,000 ಪ್ರಮಾಣಿತ ಕಡಿತ ಕಳೆದು 8,25,000. ಸೆಸ್ ಸೇರಿ ತೆರಿಗೆ 80,600. ತಂಗಿಗಾಗಿ 75,000 ಕಳೆದರೆ 65,000. “ಹದಿನೈದು ಸಾವಿರದ ಆರುನೂರು ಉಳೀತು!” ಎಂದು ಖುಷಿಪಟ್ಟರು. ಆಮೇಲೆ ಹೊಸ ಪದ್ಧತಿ: 75,000 ಪ್ರಮಾಣಿತ ಕಡಿತ ಕಳೆದು 8,00,000, ತಂಗಿಯ ಲೆಕ್ಕವೇ ಇಲ್ಲದೆ ತೆರಿಗೆ 31,200. ತರಗತಿ ಒಂದು ಕ್ಷಣ ಗಪ್‌ಚಿಪ್. ಭವಿಷ್ಯನಿಧಿ, ಮನೆ ಸಾಲದ ಬಡ್ಡಿಯಂಥ ಬೇರೆ ಕಡಿತಗಳು ದೊಡ್ಡದಾಗಿದ್ದರೆ ಮಾತ್ರ ಹಳೆಯದು ಗೆಲ್ಲಬಹುದು, ಎರಡೂ ಕಡೆ ಹಾಕಿ ನೋಡಬೇಕು ಎಂದೆ. ಸೂತ್ರ ಬರೆಸಿದ್ದರೆ ಇದು ತಲೆಗೆ ಹೋಗುತ್ತಿರಲಿಲ್ಲ.

ಗಂಟೆ ಹೊಡೆದ ಮೇಲೆ ಅವಳು ಮೇಜಿನ ಬಳಿ ಬಂದಳು. “ಹಾಗಾದ್ರೆ ಅತ್ತೆಗೆ ಸರ್ಟಿಫಿಕೇಟ್ ಬೇಡ್ವಾ ಮಿಸ್?” ಬೇಕು, ಪಿಂಚಣಿಗೆ, ಬಸ್ ಪಾಸಿಗೆ ಅದನ್ನೇ ಕೇಳುತ್ತಾರೆ, ಅಪ್ಪ ರಜೆ ಹಾಕಲಿ ಎಂದೆ.