ರೀಲಿನ ಕ್ಯಾಮೆರಾ ಮತ್ತು ವಿಜಯಪುರದ ಬೆಳಕು

ಛಾಯಾಗ್ರಹಣವೆಂಬ ವಿದ್ಯೆಯು ಲೋಕಕ್ಕೆ ಪರಿಚಿತವಾಗಿ ಇನ್ನೂ ಎರಡು ದಶಕಗಳು ತುಂಬುವ ಮೊದಲೇ ಅದು ವಿಜಯಪುರವನ್ನು ತಲುಪಿತ್ತು. 1855ರಲ್ಲಿ ಮುಂಬಯಿ ಸರಕಾರವು ಪಶ್ಚಿಮ ಭಾರತದ ಪ್ರಾಚೀನ ಕಟ್ಟಡಗಳ ಚಿತ್ರಗಳನ್ನು ತೆಗೆಯುವುದಕ್ಕೆಂದು ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸನನ್ನು ನಿಯಮಿಸಲು, ಆತನು ಬಾದಾಮಿ ಐಹೊಳೆಗಳಿಗೆ ಹೋದಂತೆ ಬಿಜಾಪುರಕ್ಕೂ ಬಂದು, ಬೆಳ್ಳಿಯ ಲವಣವನ್ನು ಸವರಿದ ಕಾಗದದ ಮೇಲೆ ಇಲ್ಲಿಯ ಗುಮ್ಮಟ ಮಸೀದಿಗಳ ನೆಗೆಟಿವ್‌ಗಳನ್ನು ಪಡೆದನು. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬಿಜಾಪುರ ವಾಸ್ತುಶಿಲ್ಪದ ಬೃಹದ್ಗ್ರಂಥದಲ್ಲಿ, ಸುರಪುರದ ಸಂಬಂಧದಿಂದ ಕನ್ನಡಿಗರಿಗೆ ಚಿರಪರಿಚಿತನಾದ ಮೆಡೋಸ್ ಟೇಲರನ ಬರಹದೊಡನೆ, ಬಿಗ್ಸ್ ಮತ್ತು ಮೇಜರ್ ಲಾಕ್ ಇವರ ಚಿತ್ರಗಳು ಸೇರಿದವು. ಗ್ರಂಥದ ಪ್ರತಿಗಳು ಎಷ್ಟಾದರೂ ಆಗಬಹುದು. ಆದರೆ ಗೋಲಗುಮ್ಮಟದ ಗೋಡೆಯಿಂದ ಹೊರಟ ಬೆಳಕೇ ಬಂದು ತಾಗಿದ ವಸ್ತುವು ನೆಗೆಟಿವ್ ಒಂದೇ. ರೀಲಿನ ಕ್ಯಾಮೆರಾದ ಕಡೆಗೆ ಮತ್ತೆ ಮನಸ್ಸು ತಿರುಗಿಸಿರುವ ಇಂದಿನ ತರುಣರು ಈ ಮಾತನ್ನು ಮೊದಲು ಮನಗಾಣಬೇಕೆಂಬುದು ನನ್ನ ಬಯಕೆ.

ಸಿನಿಮಾ ಫಿಲ್ಮನ್ನು ಅಡಕವಾದ ಪೆಟ್ಟಿಗೆಗೆ ಇಳಿಸಿದ ಓಸ್ಕರ್ ಬಾರ್ನಾಕನ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ದೂರವನ್ನು ಕಣ್ಣಳತೆಯಿಂದಲೋ ಬೇರೊಂದು ಸಾಧನದಿಂದಲೋ ಅಳೆದು ಮಸೂರವನ್ನು ಹೊಂದಿಸಬೇಕಾಗಿತ್ತು; 1932ರ ಮಾದರಿಯಲ್ಲಿ ಆ ಅಳತೆಯು ಮಸೂರಕ್ಕೇ ಜೋಡಣೆಗೊಂಡಿತು. ಮುಂದೆ ಜಪಾನಿನ ಕ್ಯಾನೊನೆಟ್, ಯಾಶಿಕಾ ಇಲೆಕ್ಟ್ರೋ 35 ಮೊದಲಾದವು ಸಾಮಾನ್ಯ ಸಂಸಾರಗಳ ಕೈಗೂ ಎಟುಕಿದವು. ಈ ರೇಂಜ್‌ಫೈಂಡರ್ ಕ್ಯಾಮೆರಾದ ಮುಖದಲ್ಲಿ, ಒಂದಕ್ಕೊಂದು ಕೆಲವು ಸೆಂಟಿಮೀಟರು ಅಂತರದಲ್ಲಿ, ಎರಡು ಕಿಂಡಿಗಳಿರುತ್ತವೆ. ಒಂದರ ಬೆಳಕು ನೇರವಾಗಿಯೂ ಇನ್ನೊಂದರದು ಕನ್ನಡಿಯಿಂದ ಬಾಗಿಯೂ ಅರೆಪಾರದರ್ಶಕ ಗಾಜೊಂದರಲ್ಲಿ ಕೂಡುವುದರಿಂದ, ನೋಟದ ನಟ್ಟನಡುವೆ ವಸ್ತುವು ಎರಡಾಗಿ ಕಾಣುತ್ತದೆ. ಮಸೂರದ ಬಳೆಯನ್ನು ತಿರುಗಿಸಿದಂತೆ ಒಂದು ಬಿಂಬವು ಮೆಲ್ಲನೆ ಸರಿದು ಇನ್ನೊಂದರ ಮೇಲೆ ಕೂತಾಗ, ಮಸೂರವು ಆ ದೂರಕ್ಕೆ ಹೊಂದಿಕೊಂಡಿತೆಂದು ತಿಳಿಯಬೇಕು. ಪಾದರೇಖೆಯೂ ಕೋನವೂ ಗೊತ್ತಿದ್ದರೆ ದೂರವು ಸಿಗುವುದೆಂಬ ತ್ರಿಕೋನಗಣಿತವೇ ಇಲ್ಲಿ ಹಿತ್ತಾಳೆ ಗಾಜುಗಳಲ್ಲಿ ಕೆಲಸಮಾಡುತ್ತಿರುತ್ತದೆ.

ಇಬ್ರಾಹಿಂ ರೋಜಾದಲ್ಲಿ ಈ ಯಂತ್ರದ ಸಾಮರ್ಥ್ಯವೂ ಮಿತಿಯೂ ಒಟ್ಟಿಗೆ ತಿಳಿಯುತ್ತವೆ. ಅಲ್ಲಿಯ ಕಿಟಕಿಗಳ ಕಲ್ಲಿನ ಜಾಲರಿಯಲ್ಲಿ ಒಂದೇ ಆಕೃತಿಯು ಸಾಲುಸಾಲಾಗಿ ಮರುಕಳಿಸುವ ಕಡೆ, ಒಂದು ರಂಧ್ರದ ಬಿಂಬವು ಪಕ್ಕದ ರಂಧ್ರದ ಬಿಂಬದ ಮೇಲೆ ಕೂತು, ಎಲ್ಲವೂ ಸರಿಯಾಯಿತೆಂಬ ಭ್ರಮೆಯನ್ನು ಹುಟ್ಟಿಸೀತು. ಆದುದರಿಂದ ಜಾಲರಿಯನ್ನು ಬಿಟ್ಟು ಚೌಕಟ್ಟಿನ ನೆಟ್ಟನೆಯ ಅಂಚನ್ನು ಹಿಡಿಯಬೇಕು. ಗೋಲಗುಮ್ಮಟದ ಒಳಗಿನ ಮಂದವಾದ ಬೆಳಕಿನಲ್ಲಿಯಾದರೋ ಈ ಕ್ಯಾಮೆರಾಕ್ಕೆ ಸಾಟಿಯಿಲ್ಲ: ಮೇಲಕ್ಕೆ ಹಾರುವ ಕನ್ನಡಿ ಇದರಲ್ಲಿಲ್ಲವಾಗಿ, ಸೆಕೆಂಡಿನ 15ನೆಯ ಒಂದು ಭಾಗದಷ್ಟು ನಿಧಾನವಾಗಿ ಷಟರ್ ತೆರೆದರೂ, ಉಸಿರು ಬಿಗಿಹಿಡಿದ ಕೈಯಲ್ಲಿ ಚಿತ್ರವು ಅಲುಗದೆ ಬರುತ್ತದೆ. ಕನ್ನಡಿಯಿಲ್ಲದುದರ ದೋಷವನ್ನೂ ಹೇಳಬೇಕು. ಬಟ್ಟೆಯ ಷಟರ್ ಉಳ್ಳ ಕ್ಯಾಮೆರಾವನ್ನು ಮುಚ್ಚಳವಿಲ್ಲದೆ ಸೂರ್ಯನ ಕಡೆಗೆ ಇಟ್ಟರೆ, ನಮ್ಮ ವೈಶಾಖದ ಬಿಸಿಲು ಮಸೂರದ ಮೂಲಕ ಒಂದೆಡೆ ಕೂಡಿ ಆ ಬಟ್ಟೆಯನ್ನು ಸುಟ್ಟು ತೂತುಮಾಡಬಲ್ಲದು.

ತಿಕೋಟಾದ ದ್ರಾಕ್ಷಿಯ ಸೀಮೆಯಲ್ಲಿ ಮಣೂಕದ ಶೆಡ್ಡುಗಳ ಒಳಗೆ, ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳ ಮೇಲೆ ಹಣ್ಣು ನೆರಳಿನಲ್ಲಿ ಒಣಗುತ್ತಿದ್ದರೆ ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿರುತ್ತದೆ. ಇಂತಹ ಎಡೆಯಲ್ಲಿ ನೆರಳನ್ನು ಅಳೆದು ಬೆಳಕು ಕೊಡುವುದೇ ಕ್ರಮ; ಏಕೆಂದರೆ ನೆಗೆಟಿವ್‌ನಲ್ಲಿ ಬೆಳಕು ಹೆಚ್ಚಾದ ಭಾಗದ ವಿವರವನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು, ಬೆಳಕೇ ಬೀಳದ ಭಾಗದಿಂದ ಏನನ್ನೂ ಪಡೆಯಲಾಗದು. ಬಬಲೇಶ್ವರದ ಎರೆಹೊಲದಲ್ಲಿ ಮಾತ್ರ ಎಚ್ಚರ ಬೇಕು. ಕಪ್ಪುಮಣ್ಣಿಗೆ ಮುಖಮಾಡಿದ ಮಾಪಕವು ಅದನ್ನು ಬೂದುಬಣ್ಣವೆಂದೇ ಬಗೆದು ಬೆಳಕನ್ನು ಅತಿಯಾಗಿ ಕೊಡಿಸುವುದರಿಂದ, ಎರೆಯ ಗಾಢವರ್ಣವೂ ಬಿಳಿಜೋಳದ ತೆನೆಯ ಹೊಳಪೂ ಎರಡೂ ಕೆಡುತ್ತವೆ.

ರೀಲು ತೊಳೆಯುವ ಕೆಲಸವನ್ನು ಮನೆಯಲ್ಲಿಯೇ ಕೈಗೊಳ್ಳುವವರಿಗೆ ಈ ಜಿಲ್ಲೆಯ ನೀರೇ ಪರೀಕ್ಷಕ. ಡೆವಲಪರಿನ ಕಾಲವನ್ನು ಸಾಮಾನ್ಯವಾಗಿ 20 ಡಿಗ್ರಿ ಉಷ್ಣತೆಗೆ ಹೇಳಿರುತ್ತಾರೆ; ಬೇಸಿಗೆಯಲ್ಲಿ ಟಾಕಿಯ ನೀರು ಅದನ್ನು ಎಷ್ಟೋ ಮೀರಿರುವುದರಿಂದ, ಬರ್ಫದ ಪಾತ್ರೆಯಲ್ಲಿ ಸೀಸೆಗಳನ್ನು ಇಟ್ಟು ತಣಿಸಬೇಕಾಗುತ್ತದೆ. ಡೆವಲಪರನ್ನು ತಣಿಸಿ ತೊಳೆಯುವ ನೀರನ್ನು ಬಿಸಿಯಾಗಿಯೇ ಬಿಟ್ಟರೆ ಫಿಲ್ಮಿನ ಲೇಪವು ಸುಕ್ಕುಗಟ್ಟುವ ಭಯವುಂಟು. ಕೊಳವೆಬಾವಿಯ ಗಡಸುನೀರು ಒಣಗುವಾಗ ಸುಣ್ಣದ ಕಲೆಗಳನ್ನು ಉಳಿಸುತ್ತದೆಯಾಗಿ, ಕಡೆಯ ತೊಳೆತಕ್ಕೆ ಭಟ್ಟಿಯಿಳಿಸಿದ ನೀರೇ ಉತ್ತಮ.

ಇನ್ನು ಸ್ಕ್ಯಾನಿಂಗ್. ಅಗಲ 36, ಎತ್ತರ 24 ಮಿಲಿಮೀಟರಿನ ಚೌಕಟ್ಟನ್ನು ಅಂಗುಲಕ್ಕೆ 2400 ಬಿಂದುಗಳಂತೆ ಓದಿಸಿದರೆ ಸುಮಾರು 77 ಲಕ್ಷ ಬಿಂದುಗಳ ಚಿತ್ರ ದೊರೆಯುತ್ತದೆ. ಮನೆಯ ಗೋಡೆಯ ಪಟಕ್ಕೆ ಇದು ಧಾರಾಳ. ಸ್ಕ್ಯಾನರು ಇಲ್ಲದವರು ನೆಗೆಟಿವ್ ಅನ್ನು ಬೆಳಕಿನ ಹಲಗೆಯ ಮೇಲೆ ಹಾಸಿ, ಸಮೀಪದೃಶ್ಯದ ಮಸೂರವುಳ್ಳ ಡಿಜಿಟಲ್ ಕ್ಯಾಮೆರಾದಿಂದ ಅದರ ಚಿತ್ರ ತೆಗೆಯಬಹುದು. ಕ್ಯಾಮೆರಾವು ಹಲಗೆಗೆ ಸಮಾನಾಂತರವಾಗಿದೆಯೇ ಎಂದು ತಿಳಿಯಲು ಹಲಗೆಯ ಮೇಲೊಂದು ಚಿಕ್ಕ ಕನ್ನಡಿಯನ್ನಿಟ್ಟು, ಮಸೂರದ ಪ್ರತಿಬಿಂಬವು ನೋಟದ ನಡುಮಧ್ಯಕ್ಕೆ ಬರುವಂತೆ ಹೊಂದಿಸಿದರಾಯಿತು. ಧೂಳನ್ನು ತಾನಾಗಿ ಅಳಿಸುವ ಅವಕೆಂಪು ಕಿರಣದ ಸೌಕರ್ಯವು ಬಣ್ಣದ ಫಿಲ್ಮಿಗೆ ಉಪಯುಕ್ತವಾದರೂ ಕಪ್ಪು-ಬಿಳುಪಿಗೆ ಸಲ್ಲದು: ಅಲ್ಲಿ ಚಿತ್ರವನ್ನು ರೂಪಿಸಿರುವ ಬೆಳ್ಳಿಯ ಕಣಗಳೇ ಆ ಕಿರಣವನ್ನು ತಡೆಯುವುದರಿಂದ, ಯಂತ್ರವು ಚಿತ್ರವನ್ನೇ ಧೂಳೆಂದು ಎಣಿಸಿಬಿಡುತ್ತದೆ. ಮೃದುವಾದ ಕುಂಚವೂ ತಾಳ್ಮೆಯೂ ಇದಕ್ಕೆ ಸಾಕು.

ಸ್ಕ್ಯಾನ್ ಆಯಿತೆಂದು ನೆಗೆಟಿವ್‌ಗಳನ್ನು ಕಸಕ್ಕೆ ಹಾಕುವ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇಂದಿನ ಯಂತ್ರವು ಕಾಣದ ಸೂಕ್ಷ್ಮವನ್ನು ನಾಳಿನ ಯಂತ್ರವು ಅದೇ ಬೆಳ್ಳಿಯಿಂದ ತೆಗೆದುಕೊಟ್ಟೀತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲುಗಳಲ್ಲಿ ಹಿರಿಯರು ತೆಗೆಸಿದ ಮದುವೆ, ಜಾತ್ರೆ, ಕಣದ ರಾಶಿಗಳ ಚಿತ್ರಗಳು ತಿಕೋಟಾ ಬಬಲೇಶ್ವರಗಳ ಟ್ರಂಕುಗಳಲ್ಲಿ ಇದ್ದರೆ, ಅವುಗಳಲ್ಲಿ ಹುಳಿವಾಸನೆ ಬರುತ್ತಿರುವವುಗಳನ್ನು ಬೇರೆಮಾಡಿ ಅವನ್ನೇ ಮೊದಲು ಸ್ಕ್ಯಾನ್ ಮಾಡಬೇಕು. ಆ ವಾಸನೆಯು ಫಿಲ್ಮಿನ ಆಧಾರವು ಕೊಳೆಯುತ್ತಿರುವುದರ ಗುರುತು, ಮತ್ತು ಅದು ಪಕ್ಕದ ಫಿಲ್ಮಿಗೂ ಹಬ್ಬುತ್ತದೆ. ಉಳಿದವನ್ನು ಆಮ್ಲವಿಲ್ಲದ ಕಾಗದದ ಲಕೋಟೆಗಳಲ್ಲಿ ತಂಪಾದ, ಒಣ ಎಡೆಯಲ್ಲಿಟ್ಟು, ಊರು, ವರ್ಷ ಮತ್ತು ಚಿತ್ರದಲ್ಲಿರುವವರ ಹೆಸರುಗಳನ್ನು ಮನೆಯ ಹಿರಿಯರನ್ನು ಕೇಳಿ, ಒಳಗೆ ನೆಗೆಟಿವ್ ಇಡುವ ಮುನ್ನವೇ ಲಕೋಟೆಯ ಮೇಲೆ ಪೆನ್ಸಿಲಿನಿಂದ ಬರೆದಿಡಬೇಕು.