ಪಿಯಾನೊ ಹುಟ್ಟಿದ ಕಾಡನ್ನು ಹುಡುಕಿ

2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಾಡಿತು. ಅಲ್ಲಿಗೆ ಹೋದವರನ್ನು ಇಂದು ಕೇಳಿದರೆ ಮಿಕ್ ಜಾಗರ್ ಓಡಾಡಿದ್ದು, ಕೀತ್ ರಿಚರ್ಡ್ಸ್ ಗಿಟಾರ್ ಮೀಟಿದ್ದು ನೆನಪಿಗೆ ಬರುತ್ತದೆ. ಕೀಬೋರ್ಡುಗಳ ಹಿಂದೆ ಕುಳಿತಿದ್ದ ಗಡ್ಡದ ಮನುಷ್ಯನನ್ನು ನೆನಪಿಸಿಕೊಳ್ಳುವವರು ಕಡಿಮೆ. ಪಕ್ಕವಾದ್ಯದವರ ಪಾಡು ಎಲ್ಲ ಕಡೆಯೂ ಇಷ್ಟೇ. ಹಾಡು ಯಾವ ಶ್ರುತಿಯಲ್ಲಿ ಹಿಡಿಯಬೇಕು, ಯಾವ ವೇಗದಲ್ಲಿ ಶುರುವಾಗಬೇಕು ಎಂಬ ಲೆಕ್ಕವೆಲ್ಲ ಇದ್ದದ್ದು ಆ ಮನುಷ್ಯನ ಬಳಿ. ಅವರು ಚಕ್ ಲೆವೆಲ್. ಬೆಂಗಳೂರಿಗೆ ಬರುವ ಎರಡು ವರ್ಷ ಮೊದಲೇ, 2001ರಲ್ಲಿ, ಅವರ ಮೊದಲ ಪುಸ್ತಕ ಹೊರಬಂದಿತ್ತು. ಅದು ಸಂಗೀತದ ಪುಸ್ತಕವಲ್ಲ. ‘ಫಾರೆವರ್ ಗ್ರೀನ್’ ಎಂಬ ಆ ಪುಸ್ತಕದ ವಸ್ತು ಅಮೆರಿಕದ ಕಾಡುಗಳ ಚರಿತ್ರೆ ಮತ್ತು ಅವುಗಳ ನಾಳೆ.

ಊರೂರು ಸುತ್ತುವ ವಾದ್ಯಗಾರರು ವಯಸ್ಸಾದ ಮೇಲೆ ಆತ್ಮಕಥೆ ಬರೆಯುವುದು ಹೊಸತಲ್ಲ. ಲೆವೆಲ್ ಅವರ ದಾರಿ ಬೇರೆ. ಅವರು ವಾದ್ಯ ಬಿಟ್ಟು ಲೇಖಕರಾದವರಲ್ಲ. ವಾದ್ಯ ನುಡಿಸುತ್ತ, ಬಸ್ಸಿನಲ್ಲಿ ಓಡಾಡುತ್ತಲೇ ಲೇಖಕರಾದವರು. ಅದು ಹೇಗಾಯಿತು ಎಂದು ನೋಡಲು ಅಲಬಾಮಾ ರಾಜ್ಯದ ಒಂದು ಮನೆಗೆ ಹೋಗಬೇಕು.

ಅವರು ಹುಟ್ಟಿದ್ದು 1952ರ ಏಪ್ರಿಲ್ 28ರಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ. ಬೆಳೆದದ್ದು ಟಸ್ಕಲೂಸಾದಲ್ಲಿ. ಮನೆಯಲ್ಲಿ ತಾಯಿ ಪಿಯಾನೊ ನುಡಿಸುತ್ತಿದ್ದರು. ಆಕೆ ಪಾಠ ಹೇಳಿಕೊಡುವ ಶಿಕ್ಷಕಿಯಲ್ಲ, ಆದರೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು: ಬಿರುಗಾಳಿ ಬಂದರೆ ಅದು ಪಿಯಾನೊದಲ್ಲಿ ಹೇಗೆ ಕೇಳಿಸುತ್ತದೆ? ಚೆನ್ನಾಗಿ ಬಿಸಿಲು ಬಿದ್ದ ದಿನವಾದರೆ? ಹುಡುಗ ಬೆರಳಿನಲ್ಲಿ ಉತ್ತರ ಹುಡುಕುತ್ತಿದ್ದ. ಲೆವೆಲ್ ಇದನ್ನು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಮುಂದೆ ಅವರು ಮಾಡಿದ್ದಕ್ಕೆಲ್ಲ ಬೇರು ಇಲ್ಲಿದೆ ಎಂದು ನನಗನಿಸುತ್ತದೆ. ಸ್ವರಕ್ಕೂ ಹವೆಗೂ ನಂಟಿದೆ ಎಂಬುದನ್ನು ಆ ತಾಯಿ ಒಂದೇ ಒಂದು ಪಾರಿಭಾಷಿಕ ಪದ ಬಳಸದೆ ಕಲಿಸಿಬಿಟ್ಟರು.

ಹದಿಹರೆಯದಲ್ಲಿ ಕೇಳಿದ ರೇ ಚಾರ್ಲ್ಸ್ ಕಚೇರಿ ಅವರ ಬದುಕಿನ ದಿಕ್ಕನ್ನು ನಿಶ್ಚಯಿಸಿತು. ಹದಿನೆಂಟರ ಹೊತ್ತಿಗೆ ಜಾರ್ಜಿಯಾದ ಮೇಕನ್ ಊರಿಗೆ ಬಂದರು. ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಸಂಸ್ಥೆ ಇದ್ದದ್ದು ಅಲ್ಲಿ. ಆ ಸಂಸ್ಥೆಯ ದೊಡ್ಡ ತಂಡ ಆಲ್ಮನ್ ಬ್ರದರ್ಸ್. ಅದರ ಗಿಟಾರ್ ವಾದಕ ಡುವೇನ್ ಆಲ್ಮನ್ 1971ರ ಅಕ್ಟೋಬರ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಾಗ ಆತನಿಗೆ 24 ವರ್ಷ. ಎರಡು ಗಿಟಾರುಗಳ ಜುಗಲ್‌ಬಂದಿಯೇ ಆ ತಂಡದ ಹೆಗ್ಗುರುತು. ಆ ಜಾಗಕ್ಕೆ ಯಾರನ್ನು ತಂದು ಕೂರಿಸುವುದು? ತಂಡ ಇನ್ನೊಬ್ಬ ಗಿಟಾರ್ ವಾದಕನನ್ನು ಹುಡುಕಲಿಲ್ಲ. 1972ರಲ್ಲಿ ಇಪ್ಪತ್ತು ವರ್ಷದ ಪಿಯಾನೊ ಹುಡುಗನನ್ನು ಸೇರಿಸಿಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಾಸ್ ವಾದಕ ಬೆರಿ ಓಕ್ಲಿ ಕೂಡ ಅಪಘಾತದಲ್ಲಿ ಹೋದರು. ಸೂತಕದ ಮನೆಗೆ ಬಂದ ಹೊಸಬನಂತೆ ಲೆವೆಲ್ ಅಲ್ಲಿ ನುಡಿಸತೊಡಗಿದರು.

1973ರ ‘ಬ್ರದರ್ಸ್ ಅಂಡ್ ಸಿಸ್ಟರ್ಸ್’ ಆಲ್ಬಂನ ‘ಜೆಸ್ಸಿಕಾ’ ಕೇಳಿದರೆ ಈ ಬದಲಾವಣೆಯ ಬೆಲೆ ಗೊತ್ತಾಗುತ್ತದೆ. ತಂಡದಲ್ಲಿ ಉಳಿದಿದ್ದ ಗಿಟಾರ್ ವಾದಕ ಡಿಕಿ ಬೆಟ್ಸ್ ತಮ್ಮ ಪುಟ್ಟ ಮಗಳನ್ನು ನೋಡುತ್ತ ಕಟ್ಟಿದ, ಮಾತಿಲ್ಲದ ಏಳು ನಿಮಿಷದ ರಚನೆ ಅದು. ಬ್ರಿಟನ್ನಿನ ‘ಟಾಪ್ ಗೇರ್’ ಕಾರ್ಯಕ್ರಮ ನೋಡಿದವರಿಗೆ ಅದರ ರಾಗ ಗೊತ್ತೇ ಇರುತ್ತದೆ. ಗಿಟಾರ್ ನಡುವೆ ತಗ್ಗಿ ದಾರಿ ಬಿಟ್ಟಾಗ ಪಿಯಾನೊ ಒಳಗೆ ಬರುತ್ತದೆ. ಮೊದಲು ಮೆಲ್ಲಗೆ, ಮೆಟ್ಟಿಲು ಹತ್ತುವ ಹಾಗೆ. ಆಮೇಲೆ ಎರಡೂ ಕೈ ಸೇರಿ ಕುಣಿಯತೊಡಗುತ್ತವೆ. ಸತ್ತವನ ಜಾಗವನ್ನು ತುಂಬಲು ಅದು ಹೋಗುವುದಿಲ್ಲ. ಪಕ್ಕದಲ್ಲಿ ಬೇರೆಯದೇ ಜಾಗ ಮಾಡಿಕೊಳ್ಳುತ್ತದೆ. ಇಪ್ಪತ್ತರ ಹುಡುಗನಲ್ಲಿ ಅಷ್ಟು ವಿವೇಕ ಇದ್ದದ್ದು ನನಗೆ ಇಂದಿಗೂ ಅಚ್ಚರಿ.

1976ರಲ್ಲಿ ಆ ತಂಡ ಒಡೆಯಿತು. ಲೆವೆಲ್ ಕಟ್ಟಿದ ಸ್ವಂತ ತಂಡಕ್ಕೆ ‘ಸೀ ಲೆವೆಲ್’ ಎಂದು ಹೆಸರು. ಸಮುದ್ರಮಟ್ಟ ಎಂಬ ಅರ್ಥದ ಜೊತೆಗೆ ಅವರ ಹೆಸರೂ ಅದರಲ್ಲಿ ಅಡಗಿತ್ತು. ಅದೂ ಬಹಳ ಕಾಲ ಬಾಳಲಿಲ್ಲ. ಆ ಹೊತ್ತಿಗೆ ಬದುಕು ಇನ್ನೊಂದು ಕಡೆಯಿಂದ ಕರೆಯಿತು. ಕ್ಯಾಪ್ರಿಕಾರ್ನ್ ಕಚೇರಿಯಲ್ಲಿ ಕೆಲಸಕ್ಕಿದ್ದ ರೋಸ್ ಲೇನ್ ಅವರನ್ನು ಲೆವೆಲ್ 1973ರಲ್ಲಿ ಮದುವೆಯಾಗಿದ್ದರು. 1981ರಲ್ಲಿ ರೋಸ್ ಲೇನ್ ಅವರಿಗೆ ಅಜ್ಜಿಯ ಭೂಮಿ ಬಂತು. ಮೇಕನ್‌ಗೆ ಹತ್ತಿರದ ಟ್ವಿಗ್ಸ್ ಕೌಂಟಿಯ ಹೊಲ, ಕಾಡು.

ಭೂಮಿ ಬಂದ ಮನೆಯಲ್ಲಿ ಏಳುವ ಪ್ರಶ್ನೆ ಎಲ್ಲ ದೇಶದಲ್ಲೂ ಒಂದೇ: ಇದನ್ನು ನೋಡಿಕೊಳ್ಳುವವರು ಯಾರು? ದನ ಸಾಕಿದರೆ ದಿನಾ ಹತ್ತಿರ ಇರಬೇಕು. ಸಾಲು ಬೆಳೆ ಹಾಕಿದರೂ ತೋಟ ಮಾಡಿದರೂ ಅಷ್ಟೇ. ವರ್ಷದಲ್ಲಿ ತಿಂಗಳುಗಟ್ಟಲೆ ಊರು ಬಿಟ್ಟಿರುವವನಿಗೆ ಒಗ್ಗುವುದು ಮರ ಮಾತ್ರ. ಮರ ಕಾಯುತ್ತದೆ. ಲೆವೆಲ್ ಆಗ ಫ್ಯಾಬ್ಯುಲಸ್ ಥಂಡರ್‌ಬರ್ಡ್ಸ್ ತಂಡದ ಜೊತೆ ತಿರುಗಾಟದಲ್ಲಿದ್ದರು. ಅಂಚೆ ಮೂಲಕ ಅರಣ್ಯ ಕೃಷಿಯ ಕೋರ್ಸಿಗೆ ಸೇರಿದರು. ಕಾರ್ಯಕ್ರಮ ಮುಗಿದು ಉಳಿದವರು ವಿಶ್ರಾಂತಿಗೆ ಜಾರುವಾಗ ಬಸ್ಸಿನ ಹಿಂಬದಿಯಲ್ಲಿ ಕೂತು ಮಣ್ಣು, ಸಸಿ, ಮರದ ಅಳತೆಯ ಪಾಠಗಳಿಗೆ ಉತ್ತರ ಬರೆದರು. ಅವರ ಬರವಣಿಗೆ ನಿಜಕ್ಕೂ ಶುರುವಾದದ್ದು ಈ ಹೋಮ್‌ವರ್ಕಿನಿಂದ ಎಂದೇ ನಾನು ಭಾವಿಸುತ್ತೇನೆ.

1982ರ ಯುರೋಪ್ ಪ್ರವಾಸಕ್ಕೆ ರೋಲಿಂಗ್ ಸ್ಟೋನ್ಸ್ ಅವರನ್ನು ಸೇರಿಸಿಕೊಂಡಿತು. ಆ ತಂಡದ ತಾಲೀಮುಗಳಲ್ಲಿ ಅವರು ಹಿಡಿದ ಕೆಲಸ ಇನ್ನೊಂದು ಬಗೆಯ ಬರವಣಿಗೆ. ಪ್ರತಿ ಹಾಡಿನ ಶ್ರುತಿ, ವೇಗ, ಸ್ವರಮೇಳದ ಕ್ರಮ, ಎಲ್ಲಿ ಯಾರು ನಿಲ್ಲಬೇಕು ಎಂಬುದನ್ನೆಲ್ಲ ಕೈಯಾರೆ ಬರೆದಿಟ್ಟರು. ಹಾಡಿನ ಹೆಸರಿನ ಅಕ್ಷರಾನುಕ್ರಮದಲ್ಲಿ ಜೋಡಿಸಿದ ಆ ಹಾಳೆಗಳು ದಪ್ಪ ಕಡತಗಳಾದವು. ವಾದ ಎದ್ದಾಗ ತಂಡ ತಿರುಗಿ ನೋಡುವುದು ಅವುಗಳ ಕಡೆಗೆ. ಒಂದು ಊರಿನಲ್ಲಿ ಹಿಂದೆ ಏನೇನು ಹಾಡಿದ್ದೆವು ಎಂದು ನೋಡಿ ಅಂದಿನ ಹಾಡುಗಳ ಪಟ್ಟಿಯ ಕರಡು ಮಾಡಿ ಜಾಗರ್ ಮುಂದಿಡುವುದೂ ಲೆವೆಲ್ ಅವರೇ. 1991ರ ಡಿಸೆಂಬರ್‌ನಲ್ಲಿ ಜಾರ್ಜ್ ಹ್ಯಾರಿಸನ್ ಜೊತೆ ಜಪಾನ್ ಪ್ರವಾಸ, ಮರುತಿಂಗಳು ಎರಿಕ್ ಕ್ಲ್ಯಾಪ್ಟನ್ ಅವರ ‘ಅನ್‌ಪ್ಲಗ್ಡ್’ ಧ್ವನಿಮುದ್ರಣ, ಹೀಗೆ ನಡುನಡುವೆ ಬೇರೆ ಕರೆಗಳೂ ಬರುತ್ತಿದ್ದವು.

ಈ ನಡುವೆ ಜಮೀನು ಬೆಳೆಯಿತು. ಇಬ್ಬರ ಹೆಸರನ್ನೂ ಸೇರಿಸಿ ಅದಕ್ಕೆ ‘ಚಾರ್ಲೇನ್’ ಎಂದು ಕರೆದರು. 1999ರಲ್ಲಿ ದಂಪತಿಗೆ ಅಮೆರಿಕದ ವರ್ಷದ ಅತ್ಯುತ್ತಮ ಮರ ಕೃಷಿಕರು ಎಂಬ ರಾಷ್ಟ್ರೀಯ ಪುರಸ್ಕಾರ ಬಂತು. ಪುಸ್ತಕ ಬಂದದ್ದು ಅದಾದ ಎರಡು ವರ್ಷಕ್ಕೆ. ಗಾಯಕನಿಗೆ ಪಕ್ಕವಾದ್ಯ ಹೇಗೋ ಹಾಗೆ ಅವರ ಪುಸ್ತಕಗಳಿಗೂ ಜೊತೆಗಾರರಿದ್ದರು. ಮೊದಲ ಪುಸ್ತಕಕ್ಕೆ ಮೇರಿ ವೆಲ್ಚ್, 2004ರ ಆತ್ಮಕಥೆ ‘ಬಿಟ್ವೀನ್ ರಾಕ್ ಅಂಡ್ ಎ ಹೋಮ್ ಪ್ಲೇಸ್’ಗೆ ಮಾರ್ಷಲ್ ಕ್ರೇಗ್. ಮುಖಪುಟದ ಮೇಲೆ ಅವರ ಹೆಸರನ್ನೂ ಹಾಕಿದ್ದಾರೆ. ಪಕ್ಕದಲ್ಲಿ ಕೂತು ಬದುಕು ಕಳೆದವರಿಗೆ ಪಕ್ಕದಲ್ಲಿ ಕೂತವರ ಬೆಲೆ ಗೊತ್ತಿರುತ್ತದೆ. ಆಮೇಲೆ ಮಕ್ಕಳಿಗಾಗಿ ‘ದ ಟ್ರೀ ಫಾರ್ಮರ್’ ಬಂತು. 2011ರಲ್ಲಿ ಊರುಗಳು ಹಿಗ್ಗುತ್ತ ಹಸಿರನ್ನು ನುಂಗುವ ಬಗ್ಗೆ ‘ಗ್ರೋಯಿಂಗ್ ಎ ಬೆಟರ್ ಅಮೆರಿಕಾ’ ಬಂತು.

ಅವರು ಎಲ್ಲಿ ಹೋದರೂ ಹೇಳುವ ಮಾತು ಒಂದಿದೆ. ತನಗೆ ಅನ್ನ, ಆನಂದ ಕೊಟ್ಟ ಪಿಯಾನೊ ಎಲ್ಲಿಂದ ಬಂತು? ಮರದಿಂದ. ಇದು ಬರಿಯ ಚೆಂದದ ಮಾತಲ್ಲ. ಪಿಯಾನೊದ ನಾದ ಹೊಮ್ಮುವ ಹಲಗೆ ಸ್ಪ್ರೂಸ್ ಮರದ್ದು, ಅದರ ಗಟ್ಟಿ ಚೌಕಟ್ಟು ಹೆಚ್ಚಾಗಿ ಮೇಪಲ್‌ನದು, ತಂತಿಗೆ ಬಡಿಯುವ ಸುತ್ತಿಗೆಗಳ ಒಳತಿರುಳೂ ಮರದ್ದು. ಆದ್ದರಿಂದ ಮರ ಕಡಿಯಲೇಬಾರದು ಎಂದು ಅವರು ಹೇಳುವುದಿಲ್ಲ. ಕಡಿಯಿರಿ, ಬಳಸಿರಿ, ಆದರೆ ನೆಟ್ಟು ಬೆಳೆಸಿ ಎನ್ನುತ್ತಾರೆ. ಸಣ್ಣಪುಟ್ಟ ಕುಟುಂಬಗಳು ಕೈಯಲ್ಲಿರುವ ಕಾಡಿನಿಂದ ಬದುಕಲು ಸಾಧ್ಯವಾದರೆ ಮಾತ್ರ ಅದನ್ನು ಬಡಾವಣೆಗೆ ಮಾರದೆ ಉಳಿಸಿಕೊಳ್ಳುತ್ತಾರೆ ಎಂಬುದು ಅವರ ವಾದ. ನೆಡುತೋಪು ಕಾಡಲ್ಲ ಎನ್ನುವ ಪರಿಸರವಾದಿಗಳಿಗೆ ಈ ಮಾತು ಪೂರ್ತಿ ರುಚಿಸದು. ಆ ಆಕ್ಷೇಪದಲ್ಲಿ ಹುರುಳಿದೆ. ಒಂದೇ ಜಾತಿಯ ಮರಗಳ ಸಾಲು ಕಾಡಿನ ಕೆಲಸ ಮಾಡಲಾರದು.

ಆದರೆ ಲೆವೆಲ್ ಅವರ ಜಮೀನಿನಲ್ಲಿ ಲಾಂಗ್‌ಲೀಫ್ ಪೈನ್ ಕೂಡ ಇದೆ. ಒಂದು ಕಾಲಕ್ಕೆ ಅಮೆರಿಕದ ಆಗ್ನೇಯ ಭಾಗದಲ್ಲಿ ಸುಮಾರು 9 ಕೋಟಿ ಎಕರೆಯಲ್ಲಿ ಹಬ್ಬಿದ್ದ ಈ ಮರದ ಕಾಡು ಕಡಿದು ಕಡಿದು 30 ಲಕ್ಷ ಎಕರೆಯ ಆಸುಪಾಸಿಗೆ ಇಳಿದಿತ್ತು. ನೆಟ್ಟ ಮೇಲೆ ಕೆಲವು ವರ್ಷ ಈ ಸಸಿ ಮೇಲೇಳುವುದೇ ಇಲ್ಲ. ನೋಡಿದರೆ ಹುಲ್ಲಿನ ಗೊಂಚಲು. ಆ ಹೊತ್ತಿನಲ್ಲಿ ಅದು ತಾಯಿಬೇರನ್ನು ಆಳಕ್ಕೆ ಇಳಿಸುತ್ತಿರುತ್ತದೆ. ಬೆಂಕಿ ಬಿದ್ದರೆ ಉದ್ದನೆಯ ಸೂಜಿ ಎಲೆಗಳು ಮೇಲಷ್ಟೇ ಸುಟ್ಟು, ನಡುವಿನ ಮೊಗ್ಗನ್ನು ಕಾಯುತ್ತವೆ. ಅದಕ್ಕೇ ಇಲ್ಲಿ ಬೆಂಕಿ ರೇಖೆ ಮಾಡಿಕೊಂಡು, ಗಾಳಿ ನೋಡಿ, ತಾವೇ ಹಿಡಿತದ ಬೆಂಕಿ ಹಾಕುತ್ತಾರೆ. ಪೊದೆ ಸರಿದು, ಬಿಸಿಲು ನೆಲ ಮುಟ್ಟಿ, ಹುಲ್ಲು ಚಿಗುರಿ, ಗೌಜಲು ಹಕ್ಕಿ ಮರಳುತ್ತದೆ. ಬೇಗ ದುಡ್ಡು ಬೇಕಾದವರು ನೆಡುವ ಮರವಲ್ಲ ಇದು.

ಚಾರ್ಲೇನ್ ಈಗ ಸುಮಾರು 4,000 ಎಕರೆ. ಅದರ ಒಡೆಯರು ಇಂದಿಗೂ ಪಕ್ಕವಾದ್ಯದವರೇ. 2024ರಲ್ಲಿ ರೋಲಿಂಗ್ ಸ್ಟೋನ್ಸ್ ತನ್ನ ಅಮೆರಿಕ ಪ್ರವಾಸವನ್ನು ಹ್ಯೂಸ್ಟನ್‌ನಲ್ಲಿ ಶುರು ಮಾಡಿದ್ದು ಏಪ್ರಿಲ್ 28ರಂದು. ಆ ದಿನ 72 ತುಂಬಿದ ಚಕ್ ಲೆವೆಲ್ ಎಂದಿನಂತೆ ಕೀಬೋರ್ಡಿನ ಹಿಂದೆ ಕುಳಿತಿದ್ದರು.